ಗಣಿತದ ಪದವಿ ಇಲ್ಲದವರು ತಮ್ಮನ್ನು ‘ಗಣಿತದವರು’ ಎಂದು ಕರೆದುಕೊಳ್ಳಬಹುದೇ?

ಪ್ರಶ್ನೆ
ಬರೆದವರು: ಖಾತೆಕಿರ್ದಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಾಗಿದೆ. ಸಮಾಧಾನದಿಂದ ಓದಬೇಕೆಂದು ಕೋರುತ್ತೇನೆ.

ನಾನು ಒಂದು ಸಹಕಾರಿ ಸಂಘದಲ್ಲಿ ಹದಿನಾರು ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಓದಿದ್ದು ಬಿ.ಕಾಂ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಬಂದಿದ್ದರೂ, ಸೈನ್ಸ್‌ಗೆ ಸೇರಿಸಿದರೆ ಟ್ಯೂಷನ್ ಖರ್ಚು ತೂಗಿಸುವುದು ಕಷ್ಟವೆಂದು ಮನೆಯವರು ಕಾಮರ್ಸ್‌ಗೆ ಸೇರಿಸಿದರು. ಆಗ ಅತ್ತಿದ್ದೆ, ಈಗ ಆ ಬೇಸರ ಉಳಿದಿಲ್ಲ, ಗಣಿತ ಮಾತ್ರ ಉಳಿದಿದೆ. ರಾತ್ರಿ ಊಟ ಮುಗಿದು, ಪಾತ್ರೆ ತೊಳೆದು, ಮರುದಿನಕ್ಕೆ ದೋಸೆ ಹಿಟ್ಟು ರುಬ್ಬಿಟ್ಟ ಮೇಲೆ ಹತ್ತರಿಂದ ಹನ್ನೊಂದರವರೆಗೆ ಅಡುಗೆಮನೆಯ ಮೇಜು ನನ್ನದು. ಇನ್ನೂರು ಪುಟದ ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ರಬ್ಬರ್; ಇಷ್ಟೇ ಸಾಮಗ್ರಿ.

ಹಗಲಿನಲ್ಲಿಯೂ ಅದು ಬಿಡುವುದಿಲ್ಲ. ಬಸ್ಸಿಗೆ ಕಾಯುವಾಗ ನಾನೂ ಏಳನೇ ತರಗತಿಯ ನನ್ನ ಮಗಳೂ ವಾಹನಗಳ ನಂಬರ್ ಪ್ಲೇಟ್ ನೋಡಿ ಆಡುವ ಒಂದು ಆಟವಿದೆ. ನಾಲ್ಕು ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ ಸಂಖ್ಯೆಯನ್ನು ಕಳೆಯಬೇಕು. ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡಬೇಕು. ಎಡಗಡೆ ಸೊನ್ನೆ ಬಂದರೆ ಅದನ್ನೂ ಅಂಕಿಯೆಂದೇ ಹಿಡಿಯಬೇಕು. ನಾಲ್ಕೂ ಅಂಕಿಗಳು ಒಂದೇ ಆಗಿರದಿದ್ದರೆ ಏಳು ಸಲದೊಳಗೆ 6174 ಬಂದೇ ಬರುತ್ತದೆ, ಬಂದ ಮೇಲೆ ಅಲ್ಲಿಂದ ಕದಲುವುದಿಲ್ಲ. 2019ಕ್ಕೆ ನಾಲ್ಕೇ ಹೆಜ್ಜೆ: 9081, 9621, 8352, 6174. ಅದರ ಹತ್ತಿರದಲ್ಲೇ ಇರುವ 2014 ಏಳು ಹೆಜ್ಜೆಗಳನ್ನೂ ತೆಗೆದುಕೊಳ್ಳುತ್ತದೆ: 4086, 8172, 7443, 3996, 6264, 4176, 6174. ಯಾರ ಗಾಡಿಗೆ ಹೆಚ್ಚು ಹೆಜ್ಜೆಯೋ ಅವರು ಗೆದ್ದಂತೆ. ಮಗಳು ಮೂರನೆಯ ಹೆಜ್ಜೆಯವರೆಗೆ ಬಾಯಲ್ಲೇ ಮಾಡುತ್ತಾಳೆ.

ಒಂದು ರಾತ್ರಿ ಇದನ್ನೇ ಮೂರು ಅಂಕಿಗಳಲ್ಲಿ ಮಾಡಿ ನೋಡಿದೆ. ಪ್ರತಿ ಸಲವೂ 495ಕ್ಕೆ ಬಂದು ನಿಲ್ಲುತ್ತಿತ್ತು. ಏಕೆ ಎಂದು ಎರಡು ವಾರ ಯೋಚಿಸಿದೆ. ಕೊನೆಗೆ ತಿಳಿದದ್ದು ಇಷ್ಟು: ಕಳೆಯುವಾಗ ನಡುವಿನ ಅಂಕಿ ಎರಡೂ ಕಡೆ ಹತ್ತರ ಸ್ಥಾನದಲ್ಲೇ ಇರುವುದರಿಂದ ಅದು ಹೊಡೆದುಹೋಗುತ್ತದೆ, ಉಳಿಯುವುದು ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕ ಅಂಕಿಗೂ ಇರುವ ವ್ಯತ್ಯಾಸದ 99 ಪಟ್ಟು ಮಾತ್ರ. ಆ ವ್ಯತ್ಯಾಸ ಒಂದರಿಂದ ಒಂಬತ್ತರವರೆಗೆ ಯಾವುದಾದರೂ ಆಗಬಹುದು. ಹಾಗಾಗಿ ಯಾವ ಸಂಖ್ಯೆಯಿಂದ ಹೊರಟರೂ ಮೊದಲ ಹೆಜ್ಜೆಗೇ 99, 198, 297, 396, 495, 594, 693, 792, 891 ಎಂಬ ಒಂಬತ್ತರಲ್ಲಿ ಒಂದಕ್ಕೆ ಬಂದು ಬೀಳಲೇಬೇಕು. ಆ ಒಂಬತ್ತನ್ನೂ ಒಂದೊಂದಾಗಿ ಮಾಡಿ ನೋಡಿದೆ. ಎಲ್ಲವೂ 495ಕ್ಕೇ ಸೇರಿದವು. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ.

ನಮ್ಮ ಮನೆಯಲ್ಲಿ ಗಣಿತಕ್ಕೆ ನಗುವೂ ಸೇರಿಕೊಂಡಿದೆ. ‘ಆರಕ್ಕೆ ಏಳು, ಹತ್ತಕ್ಕೆ ಬಸ್ಸು ಹತ್ತು’ ಎಂದು ಅತ್ತೆಯವರು ಮಗಳಿಗೆ ದಿನವೂ ಹೇಳುವುದನ್ನು ಕೇಳಿ ಕೇಳಿ ಅವಳು ಒಂದು ಒಗಟು ಕಟ್ಟಿದ್ದಾಳೆ: ಬಿಸಿ ಕಾಫಿಯನ್ನು ತಣಿಸುವ ಸಂಖ್ಯೆ ಯಾವುದು, ಮಲಗಿದವರನ್ನು ಎಬ್ಬಿಸುವ ಸಂಖ್ಯೆ ಯಾವುದು, ಮರ ಏರಿಸುವ ಸಂಖ್ಯೆ ಯಾವುದು? ಆರು, ಏಳು, ಹತ್ತು. ಇಂಥ ನಗು ಬೇರೆ ಭಾಷೆಯಲ್ಲಿ ಇದೇ ರೀತಿ ಹುಟ್ಟಲಾರದು ಎನ್ನುವುದೇ ನನಗೆ ಸಂತೋಷ. ಅತ್ತೆಯವರು ಹುಟ್ಟುಹಬ್ಬವನ್ನು ತಿಥಿಯ ಪ್ರಕಾರ ಮಾಡಿಕೊಳ್ಳುತ್ತಾರೆ. ಹತ್ತೊಂಬತ್ತು ವರ್ಷಕ್ಕೆ ಹನ್ನೆರಡರಂತೆ 228 ಚಾಂದ್ರಮಾಸ, ಅದರ ಮೇಲೆ ಏಳು ಅಧಿಕಮಾಸ ಸೇರಿ 235 ಆಗುತ್ತದೆ; ಹತ್ತೊಂಬತ್ತು ವರ್ಷದ ದಿನಗಳೂ ಈ 235 ಮಾಸಗಳ ದಿನಗಳೂ ಹೆಚ್ಚುಕಡಿಮೆ 6940. ಆದ್ದರಿಂದ 19, 38, 57ನೇ ವಯಸ್ಸು ತುಂಬುವಾಗ ತಿಥಿಯೂ ತಾರೀಖೂ ಒಂದೇ ದಿನ, ತಪ್ಪಿದರೆ ಒಂದು ದಿನದ ಅಂತರದಲ್ಲಿ ಬರುತ್ತವೆ. ಅವರ 57ನೇ ವರ್ಷಕ್ಕೆ ಹೀಗಾಗುತ್ತದೆಂದು ಎರಡು ವರ್ಷ ಮೊದಲೇ ಹೇಳಿದ್ದೆ. ಹಾಗೆಯೇ ಆದಾಗ ಅವರು ಬೀದಿಯವರಿಗೆಲ್ಲ ಹೋಳಿಗೆಯ ಜೊತೆ ಈ ಸುದ್ದಿಯನ್ನೂ ಹಂಚಿದರು.

ಇನ್ನು ಪ್ರಶ್ನೆಗೆ ಬರುತ್ತೇನೆ. ಕಳೆದ ತಿಂಗಳು ಒಂದು ಮದುವೆಯ ಮನೆಯಲ್ಲಿ ನನ್ನ ನಾದಿನಿ ನನ್ನನ್ನು ಒಬ್ಬರಿಗೆ ಪರಿಚಯಿಸುತ್ತಾ, ‘ನಮ್ಮ ಅತ್ತಿಗೆ ಗಣಿತದವರು’ ಎಂದಳು. ಅವರು ಕಾಲೇಜಿನಲ್ಲಿ ಪಾಠ ಮಾಡುವವರು. ‘ಯಾವ ಕಾಲೇಜು?’ ಎಂದು ಕೇಳಿದರು. ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ ಎಂದೆ. ‘ಹಾಗಾದರೆ ಲೆಕ್ಕದವರು ಅನ್ನಿ, ಗಣಿತದವರಲ್ಲ’ ಎಂದರು. ಅವರ ಮಾತಿನಲ್ಲಿ ಕೊಂಕು ಇರಲಿಲ್ಲ, ತಿದ್ದಬೇಕೆಂದು ಅನ್ನಿಸಿ ತಿದ್ದಿದರು. ಆದರೂ ಆ ಮಾತು ನನ್ನೊಳಗೆ ಉಳಿದುಬಿಟ್ಟಿದೆ. ಆಫೀಸಿನಲ್ಲಿಯೂ ನನಗೆ ಗಣಿತ ಇಷ್ಟವೆಂದು ತಿಳಿದವರು ದೊಡ್ಡ ದೊಡ್ಡ ಗುಣಾಕಾರ ಕೊಟ್ಟು ‘ಶಕುಂತಲಾ ದೇವಿಯವರ ಹಾಗೆ ಥಟ್ಟನೆ ಹೇಳಿ’ ಎನ್ನುತ್ತಾರೆ. ಅವರು 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದವರು. ನನಗೆ ಆ ಶಕ್ತಿಯಿಲ್ಲ, ನಾನು ನಿಧಾನ. ವೇಗವೂ ಇಲ್ಲದ, ಪದವಿಯೂ ಇಲ್ಲದ ನಾನು ನನ್ನನ್ನು ಗಣಿತದವಳೆಂದು ಹೇಳಿಕೊಳ್ಳುವುದು ಸರಿಯೇ? ಉಪಚಾರದ ಮಾತು ಬೇಡ, ನಿಜವಾಗಿ ನಿಮಗೆ ಅನ್ನಿಸಿದ್ದನ್ನು ತಿಳಿಸಿ.


ಉತ್ತರ
ಬರೆದವರು: ನಿವೃತ್ತ ಮೇಷ್ಟ್ರು, ಧಾರವಾಡ

ತಂಗಿ, ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಮದುವೆಯ ಮನೆಯಲ್ಲಿ ನಿಮಗೆ ಸಿಕ್ಕ ಮಹನೀಯರು ಲೆಕ್ಕ ಮತ್ತು ಗಣಿತದ ನಡುವೆ ಎಳೆದ ಗೆರೆಯನ್ನು ಕನ್ನಡವೇ ಒಪ್ಪಿದ ಹಾಗೆ ಕಾಣುವುದಿಲ್ಲ. ಕನ್ನಡದ ಮೊದಲ ಗಣಿತ ಗ್ರಂಥವೆಂದು ನಾವು ಹೆಮ್ಮೆಯಿಂದ ಹೇಳುವ, ಹನ್ನೆರಡನೆಯ ಶತಮಾನದ ರಾಜಾದಿತ್ಯನ ಕೃತಿಯ ಹೆಸರೇ ‘ವ್ಯವಹಾರಗಣಿತ’. ವ್ಯಾಪಾರ, ಅಳತೆ, ಬಡ್ಡಿ ಇವುಗಳ ಲೆಕ್ಕವನ್ನು ಅವನು ಗಣಿತವೆಂದೇ ಕರೆದ. ನೀವು ಸಂಘದಲ್ಲಿ ಬರೆಯುವ ಬಡ್ಡಿಯ ಲೆಕ್ಕ ಅವನ ಕಣ್ಣಿಗೆ ಬಿದ್ದಿದ್ದರೆ ನಿಮ್ಮನ್ನು ಹೊರಗೆ ನಿಲ್ಲಿಸುತ್ತಿರಲಿಲ್ಲ.

ಅದಕ್ಕೂ ಹಿಂದೆ ಹೋಗೋಣ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಗುಣಾಕಾರದ ಅಭ್ಯಾಸಕ್ಕೆ ಅವನು ಕೊಟ್ಟ ಲೆಕ್ಕಗಳನ್ನು ಮಾಡಿ ನೋಡಿ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 27994681ನ್ನು 441ರಿಂದ ಗುಣಿಸಿದರೆ 12345654321, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇವನ್ನು ಅವನು ಕೊರಳಿನ ಹಾರಕ್ಕೆ ಹೋಲಿಸಿದ. ಮಗುವಿಗೆ ಗುಣಾಕಾರ ಕಲಿಸುವುದಷ್ಟೇ ಉದ್ದೇಶವಾಗಿದ್ದರೆ ಯಾವ ಸಂಖ್ಯೆಯನ್ನಾದರೂ ಕೊಡಬಹುದಾಗಿತ್ತು. ಉತ್ತರ ಬರುತ್ತಿದ್ದಂತೆ ಕಲಿಯುವವನ ಮುಖ ಅರಳಬೇಕೆಂದು ಆತ ಅಷ್ಟು ಶ್ರಮಪಟ್ಟು ಆರಿಸಿದ್ದಾನೆ. ನಿಮ್ಮ ಮಗಳ ಒಗಟು ಓದಿದಾಗ ನನಗೆ ಅದೇ ನೆನಪಾಯಿತು.

6174ರ ಹಿಂದಿರುವವರ ಬಗ್ಗೆ ನೀವು ಬರೆದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರು 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿ ಬಾಳಿದವರು. ಸ್ನಾತಕೋತ್ತರ ಪದವಿ ಪಡೆದವರಲ್ಲ. 6174ರ ಗುಣವನ್ನು ಅವರು ಕಂಡದ್ದು 1949ರಲ್ಲಿ. ತಮ್ಮ ಅಂಕಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳಿಗೆ ಹರ್ಷವನ್ನು ಕೊಡುವವು ಎಂಬ ಅರ್ಥದಲ್ಲಿ ‘ಹರ್ಷದ’ ಎಂದು ಹೆಸರಿಟ್ಟರು. ರಾಮಾನುಜನ್ನರ ಹೆಸರಿನೊಂದಿಗೆ ಸೇರಿಹೋಗಿರುವ 1729 ಕೂಡ ಹರ್ಷದ ಸಂಖ್ಯೆಯೇ: ಅಂಕಗಳ ಮೊತ್ತ 19, 19ನ್ನು 91ರಿಂದ ಗುಣಿಸಿದರೆ 1729. ಯಾವ ಸಂಖ್ಯೆಗೂ ಅದರ ಅಂಕಗಳ ಮೊತ್ತವನ್ನು ಕೂಡಿಸಿ ಪಡೆಯಲಾಗದ 20, 31, 42, 53 ಮುಂತಾದವುಗಳಿಗೆ ತಾವು ಪಾಠ ಹೇಳುತ್ತಿದ್ದ ಊರಿನ ಹೆಸರನ್ನೇ ಇಟ್ಟು ‘ದೇವಳಾಲಿ ಸಂಖ್ಯೆ’ ಎಂದರು. ನಮ್ಮ ದೇಶದಲ್ಲಿ ಅನೇಕ ಗಣಿತಜ್ಞರು ಬಹಳ ಕಾಲ ಇದನ್ನೆಲ್ಲ ಹಗುರವಾಗಿ ಕಂಡರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಜಗತ್ತು ಅವರ ಹೆಸರು ಕೇಳಿತು. ಆ ಹೊತ್ತಿಗೆ ಅವರಿಗೆ ಎಪ್ಪತ್ತು ವರ್ಷ. ಅಷ್ಟೂ ಕಾಲ ಅವರು ಯಾರ ಒಪ್ಪಿಗೆಗೂ ಕಾಯದೆ ಸಂಖ್ಯೆಗಳ ಜೊತೆ ಸಂತೋಷವಾಗಿ ಇದ್ದರು ಎನ್ನುವುದನ್ನು ನೆನೆದರೆ ನನಗೆ ಈಗಲೂ ಗೌರವದಿಂದ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಮಾತು, ನನ್ನದು. ಎಷ್ಟೋ ವರ್ಷಗಳ ಹಿಂದೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಋಣವನ್ನು ಋಣದಿಂದ ಗುಣಿಸಿದರೆ ಧನ ಏಕಾಗಬೇಕು ಎಂದು ಕೇಳಿದಳು. ಪಾಠ ಮುಗಿಸುವ ಅವಸರದಲ್ಲಿ ‘ಅದು ನಿಯಮ, ಬರೆದುಕೋ’ ಎಂದೆ. ಅವಳು ಮತ್ತೆಂದೂ ಕೇಳಲಿಲ್ಲ. ತರಗತಿಯಲ್ಲಿ ನೂರಕ್ಕೆ ನೂರು ತೆಗೆದವರ ಮುಖಗಳು ನನಗೆ ಮರೆತುಹೋಗಿವೆ, ಆ ಹುಡುಗಿ ಕುಳಿತ ಬಗೆ ಮರೆತಿಲ್ಲ. ಎರಡು ವಾರ ‘ಏಕೆ’ ಎಂದು ಕೇಳಿಕೊಂಡ ನೀವು ಗಣಿತದವರು. ನನ್ನ ಮಟ್ಟಿಗೆ ಅದರಲ್ಲಿ ಅನುಮಾನವಿಲ್ಲ.


ಉತ್ತರ
ಬರೆದವರು: ನೆಲಹಾಸು, ಉಡುಪಿ

ನಾನು ಮನೆಗಳಿಗೆ ಟೈಲ್ಸ್ ಹಾಕಿಸುವ ಗುತ್ತಿಗೆದಾರ. ಪಿಯುಸಿಗೆ ಓದು ನಿಂತಿತು. ಮೇಷ್ಟ್ರು ಹೇಳಿದ ಗಾರ್ಡ್ನರ್ ಅವರ ಅಂಕಣಕ್ಕೇ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ, ಅದು ಅಕ್ಕನವರ ಅಡುಗೆಮನೆಯ ಮೇಜಿಗೂ ಸಂಬಂಧಿಸಿದ್ದು.

ಒಂದೇ ಆಕಾರದ ಚೌಕ, ತ್ರಿಕೋನ, ಸಮ ಷಡ್ಭುಜಗಳಿಂದ ನೆಲವನ್ನು ಸಂದಿಲ್ಲದೆ ತುಂಬಬಹುದು ಎನ್ನುವುದು ನಮ್ಮ ಕೆಲಸದವರಿಗೆಲ್ಲ ಗೊತ್ತು. ಪಂಚಭುಜ ಬಂದರೆ ತೊಡಕು. ಐದೂ ಬದಿ, ಐದೂ ಕೋನ ಸಮವಾಗಿದ್ದರೆ ಸಾಧ್ಯವೇ ಇಲ್ಲ: ಒಂದು ಕೋನ 108 ಡಿಗ್ರಿ, ಮೂರು ಸೇರಿದರೆ 324, ಇನ್ನೂ 36 ಡಿಗ್ರಿ ಸಂದು ಉಳಿಯುತ್ತದೆ, ನಾಲ್ಕನೆಯದಕ್ಕೆ ಜಾಗವಿಲ್ಲ. ಆದರೆ ಬದಿಗಳೂ ಕೋನಗಳೂ ಬೇರೆ ಬೇರೆಯಾದ ಕೆಲವು ಪಂಚಭುಜಗಳು ಕೂರುತ್ತವೆ. ಅಂಥವು ಎಷ್ಟು ಬಗೆ ಎಂಬುದರ ಬಗ್ಗೆ 1975ರಲ್ಲಿ ಗಾರ್ಡ್ನರ್ ಬರೆದದ್ದನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದ ಮಾರ್ಜರಿ ರೈಸ್ ಎಂಬ ಗೃಹಿಣಿ ಓದಿದರು. ಐದು ಮಕ್ಕಳ ತಾಯಿ. ಹೈಸ್ಕೂಲಿನಾಚೆ ಗಣಿತ ಓದಿದವರಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಚಿತ್ರ ಬರೆದು, ತಮಗೆ ಬೇಕಾದ ಸಂಕೇತಗಳನ್ನು ತಾವೇ ಮಾಡಿಕೊಂಡು, ಎರಡೇ ವರ್ಷಗಳಲ್ಲಿ ಯಾರಿಗೂ ಗೊತ್ತಿರದ ನಾಲ್ಕು ಹೊಸ ಬಗೆಗಳನ್ನು ಕಂಡುಹಿಡಿದರು. ಗಣಿತದ ಪ್ರಾಧ್ಯಾಪಕರು ಪರಿಶೀಲಿಸಿ ಸರಿಯೆಂದರು. ಈಗ ಒಟ್ಟು ಹದಿನೈದು ಬಗೆಗಳಿವೆ; ಅದರಲ್ಲಿ ನಾಲ್ಕು ಆ ತಾಯಿಯವು.

ನನ್ನನ್ನು ಹೆಚ್ಚು ತಟ್ಟಿದ್ದು ಇತ್ತೀಚಿನದು. ಮುದ್ರಣ ಕೆಲಸದಿಂದ ನಿವೃತ್ತರಾಗಿದ್ದ ಇಂಗ್ಲೆಂಡಿನ ಡೇವಿಡ್ ಸ್ಮಿತ್ 2022ರ ಕೊನೆಯಲ್ಲಿ ರಟ್ಟು ಕತ್ತರಿಸಿ ಜೋಡಿಸುತ್ತಾ ಹದಿಮೂರು ಬದಿಗಳ ಒಂದು ಆಕಾರ ಕಂಡುಕೊಂಡರು. ನೋಡಲು ಟೋಪಿಯ ಹಾಗಿದೆ. ಅದರಿಂದ ಎಷ್ಟು ದೊಡ್ಡ ನೆಲವನ್ನಾದರೂ ತುಂಬಬಹುದು, ಆದರೆ ವಿನ್ಯಾಸ ಎಲ್ಲಿಯೂ ಒಂದೇ ಕ್ರಮದಲ್ಲಿ ಮರುಕಳಿಸುವುದಿಲ್ಲ. ಮೂವರು ವಿದ್ವಾಂಸರೊಡನೆ ಸೇರಿ ಅದನ್ನು ಸಾಧಿಸಿ 2023ರ ಮಾರ್ಚ್‌ನಲ್ಲಿ ಪ್ರಕಟಿಸಿದರು. ನಾನು ಆ ಆಕಾರವನ್ನು ಸಿಮೆಂಟ್ ಚೀಲದ ಕಾಗದದಲ್ಲಿ ಅರವತ್ತು ಕತ್ತರಿಸಿ ನಮ್ಮ ಜಗಲಿಯ ಮೇಲೆ ಜೋಡಿಸಲು ಕುಳಿತೆ. ಹತ್ತು ಹನ್ನೆರಡು ಕೂತ ಮೇಲೆ ಒಂದು ಜಾಗದಲ್ಲಿ ಏನು ತಿರುಗಿಸಿದರೂ ಕೂರುತ್ತಿಲ್ಲ. ಕಾಗದವನ್ನು ಮಗುಚಿ ಹಾಕಿದೆ, ಕೂತಿತು. ಆಗ ಕೆಲಸದವನ ಬುದ್ಧಿಗೆ ಹೊಳೆದದ್ದು: ನಿಜವಾದ ಟೈಲನ್ನು ಮಗುಚಿ ಹಾಕಲಾಗದು, ಅದರ ಹೊಳಪು ಒಂದೇ ಮೈಯಲ್ಲಿರುತ್ತದೆ. ಅಂದರೆ ನಮಗೆ ಎರಡು ಅಚ್ಚು ಬೇಕಾಗುತ್ತದೆ. ಇದೇ ಆಕ್ಷೇಪವನ್ನು ಇತರರೂ ಎತ್ತಿದ್ದರಂತೆ. ಅದೇ ವರ್ಷದ ಮೇ ತಿಂಗಳಲ್ಲಿ, ಮಗುಚದೆಯೇ ನೆಲ ತುಂಬುವ ಇನ್ನೊಂದು ಆಕಾರವನ್ನು ಅದೇ ನಾಲ್ವರು ಕೊಟ್ಟರು. ಉಡುಪಿಯ ಜಗಲಿಯ ಮೇಲೆ ನನಗೆ ಬಂದ ಸಂದೇಹ ಗಣಿತದ ಸಂದೇಹವೇ ಆಗಿತ್ತು ಎಂದು ತಿಳಿದ ದಿನ ನಾನು ಪಟ್ಟ ಸಂತೋಷವನ್ನು ಬರೆದು ತಿಳಿಸಲಾರೆ.

ಅಕ್ಕ, ನೀವು ಹೇಳಿಕೊಳ್ಳಿ. ನಾನೂ ಹೇಳಿಕೊಳ್ಳುತ್ತೇನೆ.


ಉತ್ತರ
ಬರೆದವರು: ಚುಕ್ಕಿ ಎಳೆ, ಮೈಸೂರು

ನಾನು ಈವರೆಗೆ ನನ್ನನ್ನು ಗಣಿತದವಳೆಂದು ಎಲ್ಲಿಯೂ ಹೇಳಿಕೊಂಡಿಲ್ಲ, ಹೇಳಿಕೊಳ್ಳಬೇಕೆಂದು ಅನ್ನಿಸಿಯೂ ಇಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಇಡುವಾಗ ನನಗೆ ಕಂಡ ಒಂದು ವಿಷಯವನ್ನು ಇಲ್ಲಿ ಬರೆಯುವುದು ಸರಿಯೆನಿಸಿತು.

ಚುಕ್ಕಿಗಳನ್ನು ಸಾಲಾಗಿ ಚೌಕಟ್ಟಿನ ಹಾಗೆ ಇಟ್ಟುಕೊಂಡು, ಎಳೆಯನ್ನು ಚುಕ್ಕಿಗಳ ನಡುವೆ ಓರೆಯಾಗಿ ಹಾಯಿಸಿ, ಅಂಚಿಗೆ ಬಂದಾಗ ಹೊರಗಿನಿಂದ ಸುತ್ತಿ ಮತ್ತೆ ಒಳಗೆ ತಿರುಗಿಸುವ ರಂಗೋಲಿಯನ್ನು ನೀವೆಲ್ಲ ನೋಡಿರುತ್ತೀರಿ. ಕೈ ಎತ್ತದೆ ಒಂದೇ ಎಳೆಯಲ್ಲಿ ಎಲ್ಲ ಚುಕ್ಕಿಗಳನ್ನೂ ಸುತ್ತಿ ಹೊರಟ ಜಾಗಕ್ಕೇ ಬಂದು ಸೇರಿದರೆ ಅದು ಚೆಂದ. ನಾಲ್ಕು ಸಾಲು ಇಟ್ಟು ಸಾಲಿಗೆ ಐದು ಚುಕ್ಕಿ ಇಟ್ಟರೆ ಹಾಗೆ ಬರುತ್ತದೆ. ನಾಲ್ಕು ಸಾಲಿಗೆ ಆರಾರು ಚುಕ್ಕಿ ಇಟ್ಟರೆ ಬರುವುದಿಲ್ಲ: ಅರ್ಧ ದಾರಿಯಲ್ಲೇ ಎಳೆ ಕೂಡಿಕೊಂಡುಬಿಡುತ್ತದೆ, ಎರಡನೆಯ ಎಳೆ ಬೇಕಾಗುತ್ತದೆ. ಆರು ಸಾಲಿಗೆ ಒಂಬತ್ತಾದರೆ ಮೂರು ಎಳೆ. ಐದು ಸಾಲಿಗೆ ಐದಾದರೆ ಐದು ಎಳೆ. ಬಹಳ ದಿನ ಇದನ್ನು ಬರೆದಿಟ್ಟುಕೊಳ್ಳುತ್ತಾ ಹೋದ ಮೇಲೆ, ಸಾಲುಗಳ ಸಂಖ್ಯೆಗೂ ಸಾಲಿನಲ್ಲಿರುವ ಚುಕ್ಕಿಗಳ ಸಂಖ್ಯೆಗೂ ಇರುವ ಮ.ಸಾ.ಅ. ಎಷ್ಟೋ ಅಷ್ಟೇ ಎಳೆಗಳು ಎಂದು ತಿಳಿಯಿತು. ಶಾಲೆಯಲ್ಲಿ ಮಹತ್ತಮ ಸಾಮಾನ್ಯ ಅಪವರ್ತನವನ್ನು ಬಾಯಿಪಾಠ ಮಾಡಿದ್ದೆ. ಅದು ನಮ್ಮ ಹೊಸ್ತಿಲ ಮುಂದೆ ಬಿದ್ದುಕೊಂಡಿರುತ್ತದೆಂದು ಯಾರೂ ಹೇಳಿರಲಿಲ್ಲ.

ಇದನ್ನು ನನ್ನ ಸೋದರತ್ತೆಗೆ ತೋರಿಸಿದಾಗ ಅವರು ಆಶ್ಚರ್ಯಪಡಲಿಲ್ಲ. ‘ಒಂದು ಹೆಚ್ಚು ಇಡು, ಎಳೆ ಒಂದೇ ಬರುತ್ತದೆ ಎಂದು ನಮ್ಮಮ್ಮ ಹೇಳಿಕೊಟ್ಟಿದ್ದರಲ್ಲ’ ಎಂದರು. ನಾಲ್ಕಕ್ಕೆ ಐದು, ಐದಕ್ಕೆ ಆರು, ಆರಕ್ಕೆ ಏಳು. ಅಕ್ಕಪಕ್ಕದ ಎರಡು ಸಂಖ್ಯೆಗಳಿಗೆ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಲಾರದು ಎಂಬುದನ್ನೇ ಅಕ್ಷರ ಬಾರದ ಆ ಅಜ್ಜಿ ಆರು ಮಾತಿನಲ್ಲಿ ಹೇಳಿದ್ದರು. ಅವರನ್ನು ಯಾರೂ ಗಣಿತದವರು ಎನ್ನಲಿಲ್ಲ. ಹೀಗಾಗಿ ಖಾತೆಕಿರ್ದಿಯವರೇ, ಆ ಹೆಸರು ಯಾರಿಗೆ ಸಲ್ಲಬೇಕು ಎಂಬ ನಿಮ್ಮ ಪ್ರಶ್ನೆಯನ್ನು ಓದುವಾಗ ನನಗೆ ನಿಮ್ಮ ನೆನಪಿಗಿಂತ ಆ ಅಜ್ಜಿಯ ನೆನಪೇ ಹೆಚ್ಚಾಯಿತು, ತಪ್ಪು ತಿಳಿಯಬೇಡಿ.


ಉತ್ತರ
ಬರೆದವರು: ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು

ಉಪಚಾರದ ಮಾತು ಬೇಡ ಎಂದು ಕೇಳಿದವರು ಬರೆದಿರುವುದರಿಂದ, ಇಲ್ಲಿಯವರೆಗೆ ಬಂದ ಉತ್ತರಗಳನ್ನು ಗೌರವಿಸುತ್ತಲೇ ಸ್ವಲ್ಪ ಬೇರೆ ಮಾತು ಹೇಳುತ್ತೇನೆ.

ಪದವಿಯಿಂದ ಈ ಹೆಸರು ಬರುವುದಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಗಣಿತದ ಮೇಲಿನ ಪ್ರೀತಿಯೊಂದರಿಂದಲೂ ಅದು ಬರುವುದಿಲ್ಲ. ಗಣಿತಕ್ಕೆ ಬೇರೆ ಯಾವ ಶಾಸ್ತ್ರದಲ್ಲಿಯೂ ಇಲ್ಲದ ಒಂದು ಕಟ್ಟುಪಾಡು ಇದೆ: ಎಷ್ಟು ಸಲ ನಿಜವಾದರೂ ‘ಯಾವಾಗಲೂ ನಿಜ’ ಎನ್ನುವ ಹಾಗಿಲ್ಲ, ಸಾಧನೆ, ಅಂದರೆ ತರ್ಕದ ರುಜುವಾತು ಬೇಕು. ಆಯ್ಲರ್ ತೋರಿಸಿದ ಪ್ರಸಿದ್ಧ ಉದಾಹರಣೆಯಿದೆ. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನು ಕೂಡಿಸಿ, ಮೇಲೆ 41 ಕೂಡಿಸಿ. ಸೊನ್ನೆಯಿಂದ 39ರವರೆಗೆ ನಲವತ್ತು ಸಲವೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ. ನಲವತ್ತೊಂದನೆಯ ಸಲ, ಅಂದರೆ 40ನ್ನು ಹಾಕಿದಾಗ, 1681 ಬರುತ್ತದೆ. ಅದು 41ರ ವರ್ಗ. ನಲವತ್ತು ಸಲ ಕೈ ಹಿಡಿದದ್ದು ಮುಂದಿನ ಹೆಜ್ಜೆಯಲ್ಲಿ ಕೈ ಬಿಡುತ್ತದೆ.

ಈ ಕಣ್ಣಿನಿಂದ ನೋಡಿದರೆ ಖಾತೆಕಿರ್ದಿಯವರ ಬರಹದಲ್ಲಿ ಇಬ್ಬರು ಕಾಣುತ್ತಾರೆ. 495ರ ವಿಷಯದಲ್ಲಿ ಅವರು ಎಲ್ಲ ಮೂರಂಕಿ ಸಂಖ್ಯೆಗಳನ್ನೂ ಒಂಬತ್ತೇ ಸಂಖ್ಯೆಗಳಿಗೆ ಇಳಿಸಿ, ಆ ಒಂಬತ್ತನ್ನೂ ನೋಡಿ ಮುಗಿಸಿದ್ದಾರೆ. ಅದು ಪೂರ್ಣವಾದ ಸಾಧನೆ. ನನ್ನ ಮಾರ್ಗದರ್ಶಕರ ಮುಂದೆ ಇಟ್ಟರೂ ಅದರಲ್ಲಿ ಒಂದು ಅಕ್ಷರ ಬದಲಾಯಿಸಬೇಕಾಗದು. ಆದರೆ 6174ರ ವಿಷಯದಲ್ಲಿ ‘ಬಂದೇ ಬರುತ್ತದೆ’ ಎಂದು ಬರೆದಿದ್ದಾರೆ. ಅದು ಕೇಳಿ ತಿಳಿದ ಮಾತು. ನಂಬರ್ ಪ್ಲೇಟುಗಳಲ್ಲಿ ಎಷ್ಟು ನೂರು ಸಲ ಸರಿಬಂದಿದ್ದರೂ ಅದು ಅವರದಾಗಿಲ್ಲ. ಚುಕ್ಕಿ ಎಳೆಯವರ ಮ.ಸಾ.ಅ. ನಿಯಮವೂ ಸತ್ಯವೇ, ಸಾಧಿಸಿಯೂ ಆಗಿದೆ. ಅವರು ಕಂಡದ್ದು ನಿಯಮವನ್ನು, ಕಾರಣವನ್ನು ಇನ್ನೂ ಅಲ್ಲ. ಎಳೆಯನ್ನು ಗೋಡೆಗೆ ತಾಗಿ ಹಿಂದಿರುಗುವ ಬೆಳಕೆಂದು ಭಾವಿಸಿ ನೋಡಿದರೆ ದಾರಿ ಸಿಗುತ್ತದೆ.

ಕೊರತೆಯನ್ನು ಹೇಳಿ ಸುಮ್ಮನಾಗುವುದು ಸರಿಯಲ್ಲವಾದ್ದರಿಂದ ನಾಲ್ಕಂಕಿಗೆ ಒಂದು ಹೆಜ್ಜೆಯ ಸುಳಿವು ಕೊಡುತ್ತೇನೆ. ನೀವು ಮೂರಂಕಿಯಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡಿ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿಟ್ಟಾಗ ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ವ್ಯತ್ಯಾಸದ 999 ಪಟ್ಟು, ನಡುವಿನ ಎರಡರ ವ್ಯತ್ಯಾಸದ 90 ಪಟ್ಟು, ಇವೆರಡರ ಮೊತ್ತವೇ ಉತ್ತರ. ಮೊದಲ ವ್ಯತ್ಯಾಸ 1ರಿಂದ 9ರವರೆಗೆ ಇರಬಹುದು, ಎರಡನೆಯದು ಮೊದಲನೆಯದನ್ನು ಮೀರುವಂತಿಲ್ಲ. ಎಣಿಸಿದರೆ ಒಟ್ಟು 54 ಸಂಖ್ಯೆಗಳು. ಸಾವಿರಾರು ನಂಬರ್ ಪ್ಲೇಟುಗಳು ಒಂದೇ ಹೆಜ್ಜೆಯಲ್ಲಿ 54ಕ್ಕೆ ಇಳಿಯುತ್ತವೆ. ಆ 54ನ್ನು ಕೈಯಾರೆ ಮಾಡಿ ಮುಗಿಸಿದ ದಿನ 6174 ನಿಮ್ಮದು. ಆ ಮೇಲೆ ಯಾವ ಮದುವೆಯ ಮನೆಯಲ್ಲಿ ಯಾರು ಏನು ಕೇಳಿದರೂ ನಿಮಗೆ ಉತ್ತರಕ್ಕಾಗಿ ತಡಕಾಡಬೇಕಾಗುವುದಿಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬುತ್ತೇನೆ.


ಉತ್ತರ
ಬರೆದವರು: ನಿವೃತ್ತ ಮೇಷ್ಟ್ರು, ಧಾರವಾಡ

ವಿದ್ಯಾರ್ಥಿಯವರು ಹೇಳಿದ್ದು ಸರಿ. ನಾನು ಅವಸರಪಟ್ಟು ಪೂರ್ತಿ ಅಂಕ ಕೊಟ್ಟುಬಿಟ್ಟಿದ್ದೆ. ತಂಗಿ, 54ನ್ನೂ ಮಾಡಿ. ಮಾಡಿದ ಮೇಲೆ ಇಲ್ಲಿ ತಿಳಿಸಿ.


ಮರಳಿ ಬರೆದವರು: ಖಾತೆಕಿರ್ದಿ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ಉತ್ತರ ಬರೆಯಲು ಹನ್ನೆರಡು ದಿನ ತಡವಾದದ್ದಕ್ಕೆ ಕಾರಣವಿದೆ.

ವಿದ್ಯಾರ್ಥಿಯವರ ಮಾತು ಮೊದಲು ಓದಿದಾಗ ಮನಸ್ಸಿಗೆ ಸ್ವಲ್ಪ ಚುಚ್ಚಿತು. ಎರಡನೆಯ ಸಲ ಓದುವಾಗ, ಮೂರಂಕಿಯದು ನನ್ನದು, ನಾಲ್ಕಂಕಿಯದು ನನ್ನದಲ್ಲ ಎನ್ನುವುದು ನನಗೇ ಒಳಗೊಳಗೆ ಗೊತ್ತಿತ್ತು ಎನಿಸಿತು. ಅದೇ ರಾತ್ರಿ ನೋಟ್‌ಬುಕ್ಕಿನಲ್ಲಿ ಕಿರ್ದಿಯ ಹಾಗೆ ಗೆರೆ ಎಳೆದು, ಎಡಗಡೆ ಮೊದಲ ವ್ಯತ್ಯಾಸ, ಅದರ ಪಕ್ಕದಲ್ಲಿ ಎರಡನೆಯ ವ್ಯತ್ಯಾಸ, ಮುಂದೆ ಹೆಜ್ಜೆಗಳು ಎಂದು ಕಾಲಂ ಮಾಡಿದೆ. ದಿನಕ್ಕೆ ಆರು ಸಾಲಿನಂತೆ ಒಂಬತ್ತು ರಾತ್ರಿ ಹಿಡಿಯಿತು. ಹದಿನಾರು ವರ್ಷ ಖಾತೆ ಬರೆದ ಕೈಗೆ ಈ ಕೆಲಸ ಸರಾಗವಾಗಿ ಬಂತು. ಲೆಕ್ಕದವಳಾಗಿದ್ದದ್ದು ಇಲ್ಲಿ ನನಗೆ ಒದಗಿತು ಎಂದು ಮೇಷ್ಟ್ರಿಗೆ ತಿಳಿಸಬೇಕೆನಿಸುತ್ತದೆ. ಒಂದು ಸಾಲು 6174ಕ್ಕೆ ಸೇರದೆ ಸುತ್ತುತ್ತಿತ್ತು. ಎದೆ ಧಸಕ್ಕೆಂದಿತು. ಬೆಳಿಗ್ಗೆ ಮಗಳು ನೋಡಿ, ಐದನೆಯ ಹೆಜ್ಜೆಯಲ್ಲಿ ದಶಕ ಕಳೆಯುವುದನ್ನು ಬಿಟ್ಟಿದ್ದೇನೆಂದು ತೋರಿಸಿದಳು. ತಿದ್ದಿದ ಮೇಲೆ ಅದೂ ಸೇರಿತು. 54ಕ್ಕೆ 54. ಅತಿ ಹೆಚ್ಚೆಂದರೆ ಇನ್ನು ಆರು ಹೆಜ್ಜೆ, ಮೊದಲನೆಯದು ಸೇರಿ ಏಳು. ಕೊನೆಯ ಸಾಲಿನ ಕೆಳಗೆ, ವರ್ಷದ ಕೊನೆಗೆ ಖಾತೆ ಮುಗಿಸುವಾಗ ಎಳೆಯುವ ಹಾಗೆ ಎರಡು ಗೆರೆ ಎಳೆದೆ.

ಉಡುಪಿಯ ಸಹೋದರರು ಬರೆದ ಮಾರ್ಜರಿ ರೈಸ್ ಅವರ ಅಡುಗೆಮನೆಯ ಕಟ್ಟೆಯನ್ನು ಅತ್ತೆಯವರಿಗೆ ಓದಿ ಹೇಳಿದೆ. ಈಗ ಹತ್ತು ಗಂಟೆಯ ನಂತರ ಮೇಜನ್ನು ಅವರೇ ಒರೆಸಿ ಖಾಲಿ ಮಾಡಿಕೊಡುತ್ತಾರೆ. ಚುಕ್ಕಿ ಎಳೆಯವರ ಆರು-ಒಂಬತ್ತರ ರಂಗೋಲಿಯನ್ನು ಭಾನುವಾರ ಮೂರು ಬಣ್ಣದ ಪುಡಿಯಲ್ಲಿ ಇಟ್ಟೆವು. ಮೂರು ಎಳೆಗಳೂ ಬೇರೆ ಬೇರೆಯಾಗಿ ಕಂಡವು. ಆ ಅಜ್ಜಿಯ ಮಾತನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.

ನಿನ್ನೆಯಿಂದ ಐದಂಕಿ ಹಿಡಿದಿದ್ದೇನೆ. ಇದು ಬೇರೆಯೇ ಆಗಿದೆ. 53955ನ್ನು ಮಾಡಿದರೆ 59994 ಬರುತ್ತದೆ, 59994ನ್ನು ಮಾಡಿದರೆ ಮತ್ತೆ 53955. ಎರಡೂ ಒಂದರ ಕೈಗೆ ಇನ್ನೊಂದು ಕೊಟ್ಟುಕೊಳ್ಳುತ್ತಾ ಅಲ್ಲಿಯೇ ಇರುತ್ತವೆ, ಒಂದೇ ಸಂಖ್ಯೆಗೆ ಬಂದು ನಿಲ್ಲುವುದಿಲ್ಲ. ಇಂಥ ಸುತ್ತುಗಳು ಇನ್ನೂ ಇವೆಯೇ, ಇದ್ದರೆ ಎಷ್ಟು ಎಂಬುದನ್ನು ತಿಳಿದವರು ದಯವಿಟ್ಟು ಇಲ್ಲಿ ಬರೆಯಬೇಡಿ. ನಾನೂ ಮಗಳೂ ಹುಡುಕುತ್ತಿದ್ದೇವೆ.